ಓದುಗರ ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಲಿ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾಮೆರಾ ಖರೀದಿಗೆ ಸಂಬಂಧಿಸಿದವು. ಬೇರೆ ಬೇರೆ ಬಜೆಟ್ಟಿನ, ಬೇರೆ ಬೇರೆ ಅನುಭವದ ಓದುಗರಿಗೆ ಉಪಯೋಗವಾಗಬಹುದಾದ ಕೆಲವನ್ನು ಆಯ್ದು ಉತ್ತರಿಸಿದ್ದೇನೆ. ಹಬ್ಬದ ರಿಯಾಯಿತಿಗಳಿಂದಾಗಿ ಬೆಲೆಗಳು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅಂಗಡಿಯ ನಿಖರ ದರಗಳನ್ನು ಕೊಟ್ಟಿಲ್ಲ. ಪತ್ರ ಬರೆದವರು ತಿಳಿಸಿದ ಮೊತ್ತವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಛಾಯಾಗ್ರಹಣವನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆಯಿದೆ. ಕೂಡಿಟ್ಟ ಹಣ 30,000 ರೂಪಾಯಿ ಇದೆ. ಇಷ್ಟರಲ್ಲಿ ಒಳ್ಳೆಯ ಹೊಸ ಕ್ಯಾಮೆರಾ ಬರುತ್ತದೆಯೇ? — ವಿದ್ಯಾರ್ಥಿ, ತುಮಕೂರು

ಉತ್ತರ: ಲೆನ್ಸ್ ಬದಲಾಯಿಸಬಹುದಾದ ಹೊಸ ಕ್ಯಾಮೆರಾ ಈ ಮೊತ್ತಕ್ಕೆ ಬರುವುದಿಲ್ಲ. ಹೊಸದೇ ಬೇಕೆಂದು ಹಟ ಹಿಡಿದರೆ ಸಿಗುವ ಚಿಕ್ಕ ಕ್ಯಾಮೆರಾಗಳು ನಿಮ್ಮ ಫೋನಿಗಿಂತ ಹೆಚ್ಚಿನದೇನನ್ನೂ ಕಲಿಸುವುದಿಲ್ಲ. ಅದೇ ಹಣಕ್ಕೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ನಿಕಾನ್ ಡಿ3500, ಡಿ5300, ಡಿ5600 ಅಥವಾ ಕ್ಯಾನನ್ 200ಡಿಯಂತಹ, ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಾಯಿಸಬಹುದಾದ ಡಿಎಸ್‌ಎಲ್‌ಆರ್‌ಗಳನ್ನು ಹುಡುಕಿ. ಇವೆಲ್ಲವೂ 24 ಮೆಗಾಪಿಕ್ಸೆಲ್‌ನವು, ಎಲ್ಲದರಲ್ಲಿಯೂ ಫೋನಿನದಕ್ಕಿಂತ ಹಲವು ಪಟ್ಟು ದೊಡ್ಡದಾದ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಇದೆ, ಮತ್ತು ಶಟರ್ (ಬೆಳಕು ಬೀಳುವ ಅವಧಿ), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಮೂರನ್ನೂ ನಿಮ್ಮ ಕೈಯಿಂದಲೇ ಹೊಂದಿಸುವ ಅವಕಾಶವಿದೆ. ಕಲಿಯುವವರಿಗೆ ಇದಕ್ಕಿಂತ ಹೆಚ್ಚಿನ ಸೌಲಭ್ಯ ಮೊದಲ ವರ್ಷದಲ್ಲಿ ಬೇಕಾಗುವುದಿಲ್ಲ.

ಪೂರ್ತಿ ಹಣವನ್ನು ‘ಬಾಡಿ’ಗೇ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕೇ, ಹಾಕಬೇಡಿ. ಬಾಡಿಯೊಂದಿಗೆ ಬರುವ ಕಿಟ್ ಲೆನ್ಸಿನ ಜೊತೆಗೆ ಒಂದು ಪ್ರೈಮ್ ಲೆನ್ಸ್, ಅಂದರೆ ಜೂಮ್ ಇಲ್ಲದ, ಅಗಲ ಅಪರ್ಚರಿನ (‘ಎಫ್/’ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಅಪರ್ಚರ್ ಅಗಲ) ಲೆನ್ಸ್, ಕೊಳ್ಳುವಷ್ಟು ಉಳಿಸಿಕೊಳ್ಳಿ. ನಿಕಾನಿಗೆ 35 ಮಿ.ಮೀ. ಎಫ್/1.8 ಜಿ ಡಿಎಕ್ಸ್, ಕ್ಯಾನನಿಗೆ 50 ಮಿ.ಮೀ. ಎಫ್/1.8 ಎಸ್‌ಟಿಎಂ ಎರಡೂ ಅಗ್ಗದವು ಮತ್ತು ದೀರ್ಘಕಾಲ ಬಾಳುವಂಥವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ನಿಕಾನಿನ ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲದ ಕಾರಣ, ಕಡಿಮೆ ಬೆಲೆಗೆ ಸಿಗುವ ಹಳೆಯ ‘ಎಎಫ್-ಡಿ’ ಲೆನ್ಸುಗಳು ಅವುಗಳ ಮೇಲೆ ತಾವಾಗಿ ಫೋಕಸ್ ಮಾಡುವುದಿಲ್ಲ. ಲೆನ್ಸಿನ ಮೇಲೆ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ.

ಹಳೆಯ ಕ್ಯಾಮೆರಾವನ್ನು ಹಗಲಿನಲ್ಲಿ, ಆತುರವಿಲ್ಲದೆ ಪರೀಕ್ಷಿಸಿ. ಮೊದಲು ಲೆನ್ಸನ್ನು ಕಳಚಿ, ಅದರ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿದರೆ ಒಳಗೆ ಫಂಗಸ್ ಹಿಡಿದಿರುವುದು ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ; ಅಂಥ ಲೆನ್ಸನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಡುವುದು ಒಳ್ಳೆಯದು. ಆಮೇಲೆ ಅಪರ್ಚರನ್ನು ಎಫ್/16ಕ್ಕೆ ಇಳಿಸಿ ಬಿಳಿ ಗೋಡೆಯ ಅಥವಾ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಾಣುವ ಕಪ್ಪು ಚುಕ್ಕೆಗಳು ಧೂಳಾಗಿದ್ದರೆ ಸ್ವಚ್ಛಗೊಳಿಸಬಹುದು, ಗೆರೆಗಳಾಗಿದ್ದರೆ ಸೆನ್ಸರಿಗೆ ಪೆಟ್ಟಾಗಿದೆ ಎಂದು ಅನುಮಾನಿಸಬೇಕು. ನಿಕಾನಿನ ಈ ದರ್ಜೆಯ ಬಾಡಿಗಳ ಶಟರನ್ನು 1,00,000 ಕ್ಲಿಕ್ಕುಗಳವರೆಗೆ ಪರೀಕ್ಷಿಸಿರುತ್ತಾರೆ. ನಿಕಾನ್ ಕ್ಯಾಮೆರಾದಿಂದ ಆಗತಾನೇ ತೆಗೆದ ಮೂಲ ಜೆಪೆಗ್ ಚಿತ್ರದ ಮಾಹಿತಿಯಲ್ಲಿಯೇ ಈವರೆಗಿನ ಎಣಿಕೆ ಅಡಗಿರುವುದರಿಂದ ಅದನ್ನು ಅಲ್ಲಿಯೇ ತಿಳಿಯಬಹುದು. ಮದುವೆ ಕೆಲಸಕ್ಕೆ ದುಡಿದ ಬಾಡಿಗಿಂತ ಮನೆಯಲ್ಲಿ ಪ್ರವಾಸಕ್ಕೆಂದು ಇಟ್ಟುಕೊಂಡಿದ್ದ ಬಾಡಿ ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ. ಮೂಲ ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಬಾಡಿಯ ತಳದಲ್ಲಿರುವ ನಂಬರಿಗೆ ತಾಳೆಯಾಗದಿದ್ದರೆ ವ್ಯವಹಾರ ಮಾಡಬೇಡಿ.

ಪ್ರಶ್ನೆ: ನನ್ನ ಫೋನಿನಲ್ಲಿ 200 ಮೆಗಾಪಿಕ್ಸೆಲ್ ಎಂದಿದೆ, ಲಕ್ಷ ರೂಪಾಯಿಯ ಕ್ಯಾಮೆರಾದಲ್ಲಿ 24 ಮಾತ್ರ. ಇದು ಹೇಗೆ? — ಓದುಗರು, ಮೈಸೂರು

ಉತ್ತರ: ಮೆಗಾಪಿಕ್ಸೆಲ್ ಎಂಬುದು ಚಿತ್ರದಲ್ಲಿರುವ ಚುಕ್ಕೆಗಳ ಎಣಿಕೆಯೇ ಹೊರತು ಆ ಚುಕ್ಕೆಗಳ ಗುಣಮಟ್ಟದ ಅಳತೆಯಲ್ಲ. ಉಗುರಿನಷ್ಟೂ ಅಗಲವಿಲ್ಲದ ಸೆನ್ಸರಿನಲ್ಲಿ 20 ಕೋಟಿ ಚುಕ್ಕೆಗಳನ್ನು ತುಂಬಿದಾಗ ಒಂದೊಂದರ ಪಾಲಿಗೆ ಬರುವ ಬೆಳಕು ಅತ್ಯಲ್ಪ. ಆದ್ದರಿಂದಲೇ ಅಂಥ ಫೋನುಗಳು ಸಾಮಾನ್ಯವಾಗಿ 16 ಚುಕ್ಕೆಗಳನ್ನು ಒಂದಾಗಿ ಸೇರಿಸಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನು ನಿಮ್ಮ ಕೈಗೆ ಕೊಡುತ್ತವೆ. ಪತ್ರಿಕೆಯ ಪೂರ್ಣ ಪುಟಕ್ಕೆ, ಅಂದರೆ ಹೆಚ್ಚುಕಡಿಮೆ 8 ಅಂಗುಲ ಅಗಲ, 11 ಅಂಗುಲ ಎತ್ತರದ ಮುದ್ರಣಕ್ಕೆ, ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ 8 ಮೆಗಾಪಿಕ್ಸೆಲ್ ಸಾಕಾಗುತ್ತದೆ. 24 ಮೆಗಾಪಿಕ್ಸೆಲ್‌ನಿಂದ ಅದೇ ಗುಣಮಟ್ಟದಲ್ಲಿ 20 ಅಂಗುಲ ಅಗಲದ ಚಿತ್ರವನ್ನು ಅಚ್ಚು ಹಾಕಿಸಬಹುದು. ಆದ್ದರಿಂದ ಎರಡು ಕ್ಯಾಮೆರಾಗಳ ನಡುವೆ ಆರಿಸುವಾಗ ಈ ಸಂಖ್ಯೆಯನ್ನು ಬದಿಗಿಟ್ಟು, ಸೆನ್ಸರಿನ ಗಾತ್ರವನ್ನೂ ಲೆನ್ಸಿನ ಅಪರ್ಚರನ್ನೂ ಹೋಲಿಸಿ ನೋಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಳೆಗಾಲದಲ್ಲಿ ಮಂಡಗದ್ದೆಗೆ ಬರುವ ಹಕ್ಕಿಗಳನ್ನೂ ನಮ್ಮ ತೋಟದ ಹಕ್ಕಿಗಳನ್ನೂ ತೆಗೆಯುವ ಆಸೆ. 80,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ, ಆದರೆ ಭಾರ ಹೊರಲಾರೆ. ಅಂಗಡಿಯವರು 125 ಪಟ್ಟು ಜೂಮ್ ಇರುವ ಕ್ಯಾಮೆರಾವನ್ನು ಸೂಚಿಸುತ್ತಿದ್ದಾರೆ. — ಓದುಗರು, ಶಿವಮೊಗ್ಗ

ಉತ್ತರ: ಮೇಡಂ, ಅವರು ಹೇಳುತ್ತಿರುವುದು ನಿಕಾನ್ ಪಿ1000 ಅಥವಾ 2025ರಲ್ಲಿ ಬಂದ ಅದರ ಮುಂದಿನ ಮಾದರಿ ಪಿ1100 ಇರಬೇಕು. 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 3000 ಮಿ.ಮೀ.ಗೆ (ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಸಮನಾದ ಜೂಮ್ ಅದರಲ್ಲಿರುವುದು ನಿಜ. ಆದರೆ ಅದರ ತೂಕ 1.4 ಕಿಲೋ, ಅದೊಂದೇ ಕಾರಣಕ್ಕೆ ಅದು ನಿಮಗೆ ಹೊಂದುವುದಿಲ್ಲ. ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಅಷ್ಟು ದೊಡ್ಡ ಜೂಮನ್ನು ಒಂದೇ ಲೆನ್ಸಿನಲ್ಲಿ ಸಾಧಿಸಲು ಅದರ ಸೆನ್ಸರನ್ನು ಸುಮಾರು 6.2 ಮಿ.ಮೀ. ಅಗಲಕ್ಕೆ ಕುಗ್ಗಿಸಲಾಗಿದೆ, ಕ್ಯಾನನಿನ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಅದರ ಸುಮಾರು ಹನ್ನೆರಡು ಪಟ್ಟು. ಜೂಮನ್ನು ಪೂರ್ತಿ ಚಾಚಿದಾಗ ಅಪರ್ಚರ್ ಎಫ್/8ಕ್ಕೆ ಇಳಿಯುತ್ತದೆ. ಎಳೆಬಿಸಿಲಿನಲ್ಲಿ ತೋಟದ ಬೇಲಿಯ ಮೇಲೆ ಕುಳಿತ ಹಕ್ಕಿಗೆ ಇದು ಸಾಲಬಹುದು. ಆದರೆ ಮಂಡಗದ್ದೆಯ ತುಂಗೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುವುದು ಮೋಡ ಕವಿದ ಮಳೆಗಾಲದಲ್ಲಿ, ಅಂದರೆ ಬೆಳಕು ಅತ್ಯಂತ ಕಡಿಮೆ ಇರುವ ದಿನಗಳಲ್ಲಿ. ಅಲ್ಲಿ ಈ ಚಿಕ್ಕ ಸೆನ್ಸರ್ ಐಎಸ್‌ಒವನ್ನು ಏರಿಸುತ್ತಾ ಹೋಗಿ ಗರಿಗಳ ವಿವರವನ್ನು ಕಣಕಣವಾಗಿ ಕಲಸಿಬಿಡುತ್ತದೆ.

ನನ್ನ ಸಲಹೆ ಕ್ಯಾನನ್ ಆರ್50, ಅದೂ 18-45 ಮತ್ತು 55-210 ಮಿ.ಮೀ. ಎರಡು ಲೆನ್ಸುಗಳ ಕಿಟ್. ಬ್ಯಾಟರಿ ಸೇರಿ ಬಾಡಿಯ ತೂಕ 375 ಗ್ರಾಂ. ಉದ್ದದ ಲೆನ್ಸನ್ನು ಸೇರಿಸಿದರೂ ಮುಕ್ಕಾಲು ಕಿಲೋ ಮೀರುವುದಿಲ್ಲ. ಹಕ್ಕಿಯನ್ನು ತಾನಾಗಿ ಗುರುತಿಸಿ ಅದರ ಮೇಲೆಯೇ ಫೋಕಸನ್ನು ಹಿಡಿದಿಡುವ ವ್ಯವಸ್ಥೆ ಇದರಲ್ಲಿರುವುದು ಹೊಸಬರಿಗೆ ಬಹಳ ದೊಡ್ಡ ಅನುಕೂಲ. 210 ಮಿ.ಮೀ. ಎಂಬುದು ಈ ಸೆನ್ಸರಿನಲ್ಲಿ 336 ಮಿ.ಮೀ.ಗೆ ಸಮ. ಮಂಡಗದ್ದೆಯಲ್ಲಿ ಮರವೊಂದರ ತುಂಬ ಕುಳಿತ ಗುಂಪನ್ನೂ ಸಂಜೆ ಮರಳುವ ಹಿಂಡನ್ನೂ ಅದರಿಂದ ಚೆನ್ನಾಗಿ ತೆಗೆಯಬಹುದು, ಒಂಟಿ ಹಕ್ಕಿಯ ಚಿತ್ರಕ್ಕೆ ಮಾತ್ರ ಅದು ಸಾಲದು. ಒಂದೆರಡು ವರ್ಷದ ನಂತರವೂ ಆಸಕ್ತಿ ಹೀಗೆಯೇ ಇದ್ದರೆ ಇದೇ ಕ್ಯಾಮೆರಾಕ್ಕೆ ಆರ್‌ಎಫ್ 100-400 ಲೆನ್ಸನ್ನು ಸೇರಿಸಿಕೊಳ್ಳಿ. ಅದರ ತೂಕ 635 ಗ್ರಾಂ ಮಾತ್ರ, ವ್ಯಾಪ್ತಿ 640 ಮಿ.ಮೀ.ಗೆ ಸಮ. ಈಗಲೇ ಅದನ್ನೂ ಕೊಂಡರೆ ಒಟ್ಟು ಖರ್ಚು ಒಂದು ಲಕ್ಷ ದಾಟುತ್ತದೆ.

ಟ್ರೈಪಾಡ್ ಹೊರುವ ಬದಲು ಅಕ್ಕಿ ತುಂಬಿದ ಒಂದು ಚಿಕ್ಕ ಬಟ್ಟೆಯ ಚೀಲವನ್ನು ವೀಕ್ಷಣಾ ಗೋಪುರದ ಕಟಕಟೆಯ ಮೇಲಿಟ್ಟು ಅದರ ಮೇಲೆ ಲೆನ್ಸನ್ನು ಊರಿಸಿ. ಕುಳಿತ ಹಕ್ಕಿಗೆ ಸೆಕೆಂಡಿನ 1/500, ಹಾರುವ ಹಕ್ಕಿಗೆ 1/1000ಕ್ಕಿಂತ ನಿಧಾನವಾದ ಶಟರ್ ಬೇಡ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂತಹ ನಮ್ಮ ಹಿರಿಯರು ಫಿಲ್ಮ್ ಕಾಲದಲ್ಲಿ, ಇಂದಿನ ಯಾವ ಸೌಲಭ್ಯವೂ ಇಲ್ಲದೆ, ಮರೆಯಲ್ಲಿ ಕುಳಿತು ಹಕ್ಕಿಯ ಸ್ವಭಾವವನ್ನು ತಿಳಿದುಕೊಂಡು ಚಿತ್ರ ತೆಗೆದರು. ತೋಟದ ಹಕ್ಕಿ ದಿನವೂ ಯಾವ ಹೊತ್ತಿಗೆ ಯಾವ ಕೊಂಬೆಗೆ ಬರುತ್ತದೆ ಎಂಬುದನ್ನು ಗಮನಿಸುವ ಬಿಡುವು ನಿಮಗಿದೆ. ಗೂಡಿನ ಸಮೀಪಕ್ಕೆ ಮಾತ್ರ ಹೋಗಬೇಡಿ; ಹೆದರಿದ ತಾಯಿಹಕ್ಕಿ ಮೊಟ್ಟೆಗಳನ್ನು ಬಿಟ್ಟು ಏಳುತ್ತದೆ.

ಪ್ರಶ್ನೆ: ಮಕ್ಕಳ ಹುಟ್ಟುಹಬ್ಬ, ದೇವಸ್ಥಾನ, ಪ್ರವಾಸ ಇಷ್ಟಕ್ಕೇ ನನಗೆ ಕ್ಯಾಮೆರಾ ಬೇಕು. ಸೆಟ್ಟಿಂಗ್ ಕಲಿಯುವಷ್ಟು ವ್ಯವಧಾನವಿಲ್ಲ. 40,000 ರೂಪಾಯಿಗೆ ಯಾವುದು ಒಳ್ಳೆಯದು? — ಗೃಹಿಣಿ, ಹುಬ್ಬಳ್ಳಿ

ಉತ್ತರ: ನಿಮಗೆ ಕ್ಯಾಮೆರಾ ಬೇಡ. ಎರಡು ವರ್ಷದೊಳಗಿನ ಒಳ್ಳೆಯ ಫೋನು ಮನೆಯಲ್ಲಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಈ ಹಣವನ್ನು ಒಳ್ಳೆಯ ಕ್ಯಾಮೆರಾ ಇರುವ ಫೋನಿಗೆ ಹಾಕಿ. ಸೆಟ್ಟಿಂಗ್ ಮುಟ್ಟದೆ ‘ಆಟೊ’ದಲ್ಲಿಯೇ ತೆಗೆಯುವುದಾದರೆ, ಮಬ್ಬು ಬೆಳಕಿನಲ್ಲಿ ಹಲವು ಚಿತ್ರಗಳನ್ನು ತಾನೇ ಜೋಡಿಸಿ ಹದಗೊಳಿಸುವ ಕೆಲಸವನ್ನು ಫೋನು ಈ ಬೆಲೆಯ ಕ್ಯಾಮೆರಾಗಳಿಗಿಂತ ಚೆನ್ನಾಗಿ ಮಾಡುತ್ತದೆ. ಉಳಿದ ಹಣದಲ್ಲಿ ವರ್ಷಕ್ಕೊಮ್ಮೆ ಆಯ್ದ ಚಿತ್ರಗಳ ಆಲ್ಬಂ ಮಾಡಿಸಿ ಮತ್ತು ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಡಿ.

ಪ್ರಶ್ನೆ: ಯಕ್ಷಗಾನದ ಚಿತ್ರ ತೆಗೆಯುವುದು ನನ್ನ ಹವ್ಯಾಸ. ಕ್ಯಾನನ್ 1500ಡಿ ಮತ್ತು ಅದರೊಂದಿಗೆ ಬಂದ 18-55, 55-250 ಲೆನ್ಸುಗಳಿವೆ. ರಾತ್ರಿಯ ಆಟದಲ್ಲಿ (ಪ್ರದರ್ಶನದಲ್ಲಿ) ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯುವಾಗಿನ ಚಿತ್ರಗಳೆಲ್ಲ ಮಸುಕಾಗುತ್ತವೆ. ಕೆಲವು ಸಲ ಅಡ್ಡಪಟ್ಟಿಗಳೂ ಬರುತ್ತವೆ. ಒಂದು ಲಕ್ಷದಲ್ಲಿ ಫುಲ್ ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಕ್ಯಾಮೆರಾ ಕೊಳ್ಳಲೇ? — ಓದುಗರು, ಕುಂದಾಪುರ

ಉತ್ತರ: ನಿಮ್ಮ ತೊಂದರೆಗೆ ಮುಖ್ಯ ಕಾರಣ ಬಾಡಿಯಲ್ಲ, ಲೆನ್ಸುಗಳು. ನೀವು ಹೇಳಿದ ಎರಡು ಲೆನ್ಸುಗಳೂ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. ಎಫ್/1.8ರ ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ, ಇವತ್ತು ರಂಗಸ್ಥಳದ ಬೆಳಕಿನಲ್ಲಿ ಐಎಸ್‌ಒ 3200 ಇಟ್ಟು ನಿಮಗೆ ಸೆಕೆಂಡಿನ 1/60 ಮಾತ್ರ ಸಿಗುತ್ತಿದ್ದರೆ, ಅದೇ ಬೆಳಕಿನಲ್ಲಿ, ಅದೇ ಬಾಡಿಯಲ್ಲಿ 1/500 ಸಿಗುತ್ತದೆ. ಸುತ್ತುವ ವೇಷದ ಮುಖವೂ ಕೈಯೂ ಸ್ಪಷ್ಟವಾಗಿ ನಿಲ್ಲಬೇಕಾದರೆ ಕನಿಷ್ಠ 1/250 ಬೇಕು. ಆದ್ದರಿಂದ ಮೊದಲು ಕ್ಯಾನನ್ ಇಎಫ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಕೊಂಡು ಮೇಳದ ಒಂದು ತಿರುಗಾಟದ (ಹಂಗಾಮಿನ) ಕಾಲವಾದರೂ ಅದರಲ್ಲಿಯೇ ತೆಗೆಯಿರಿ. ಕ್ಯಾಮೆರಾವನ್ನು ಲಂಬವಾಗಿ ಹಿಡಿದು 6 ಮೀಟರ್ ದೂರದಿಂದ ನೋಡಿದರೆ ಈ ಲೆನ್ಸಿನಲ್ಲಿ ಎರಡೂವರೆ ಮೀಟರಿಗಿಂತ ತುಸು ಹೆಚ್ಚಿನ ಎತ್ತರ ಕಾಣುತ್ತದೆ. ಕಿರೀಟ ತೊಟ್ಟ ವೇಷ ನೆಲಬಿಟ್ಟು ಹಾರಿದರೂ ಚೌಕಟ್ಟಿನೊಳಗೇ ಇರುತ್ತದೆ. ಅದೇ ಜಾಗದಿಂದ 85 ಮಿ.ಮೀ. ಎಫ್/1.8 ಲೆನ್ಸ್ ಸುಮಾರು ಒಂದೂವರೆ ಮೀಟರನ್ನಷ್ಟೇ ತೋರಿಸುವುದರಿಂದ, ಅರ್ಥಗಾರಿಕೆಯ ಹೊತ್ತಿನ ಮುಖಭಾವಕ್ಕೂ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವರ್ಣಿಕೆಯ ವಿವರಕ್ಕೂ ಅದು ಹೇಳಿ ಮಾಡಿಸಿದ್ದು. ಅದು ಎರಡನೆಯ ಖರೀದಿಯಾಗಲಿ.

ಬಾಡಿಯ ಮಿತಿಯೂ ಇಲ್ಲದಿಲ್ಲ. 1500ಡಿಯಲ್ಲಿ ಫೋಕಸ್ ಬಿಂದುಗಳು 9 ಮಾತ್ರ, ಅವೂ ಚೌಕಟ್ಟಿನ ನಡುಭಾಗದಲ್ಲಿ ಗುಂಪಾಗಿವೆ; ಎಫ್/1.8ರಲ್ಲಿ ಫೋಕಸ್ ತುಸು ತಪ್ಪಿದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗುತ್ತದೆ. ಲೆನ್ಸ್ ಕೊಂಡು ಉಳಿದ ಹಣಕ್ಕೆ ಕ್ಯಾನನ್ ಆರ್10 ಬಾಡಿಯನ್ನು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ನೋಡಿ. ಇಎಫ್ ಲೆನ್ಸುಗಳು ಅಡಾಪ್ಟರ್ (ನಡುವೆ ಜೋಡಿಸುವ ಉಂಗುರ) ಮೂಲಕ ಅದರಲ್ಲಿ ಯಾವ ಕೊರತೆಯೂ ಇಲ್ಲದೆ ಕೆಲಸ ಮಾಡುವುದರಿಂದ ಮೊದಲು ಹಾಕಿದ ಹಣ ವ್ಯರ್ಥವಾಗುವುದಿಲ್ಲ. ಫುಲ್ ಫ್ರೇಮ್ ಬಾಡಿ ಕೊಂಡರೆ ಇದೇ ದೂರದಿಂದ ಇದೇ ಅಳತೆಯ ಚಿತ್ರಕ್ಕೆ ಇನ್ನೂ ಉದ್ದದ, ಇನ್ನೂ ದುಬಾರಿಯ ಲೆನ್ಸ್ ಬೇಕಾಗುತ್ತದೆ. ಒಂದು ಲಕ್ಷದಲ್ಲಿ ಅವೆರಡೂ ಆಗುವುದಿಲ್ಲ, ಮತ್ತು ಸಾಧಾರಣ ಲೆನ್ಸ್ ಹಾಕಿದ ಫುಲ್ ಫ್ರೇಮ್ ನಿಮ್ಮನ್ನು ಮತ್ತೆ ಈಗಿನ ಸ್ಥಿತಿಗೇ ತರುತ್ತದೆ.

ಇನ್ನು ಅಡ್ಡಪಟ್ಟಿಗಳ ವಿಷಯ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅದರಿಂದ ನೇರವಾಗಿ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅಗ್ಗದ ಎಲ್‌ಇಡಿ ದೀಪಗಳಲ್ಲಿ ಇದು ಇನ್ನೂ ಅಡ್ಡಾದಿಡ್ಡಿ. ಶಟರ್ ವೇಗ 1/100ಕ್ಕಿಂತ ಹೆಚ್ಚಾದಾಗ ಮಿನುಗಿನ ಒಂದು ಪಾಲು ಮಾತ್ರ ಚಿತ್ರಕ್ಕೆ ಬಂದು ಪಟ್ಟಿಗಳಾಗುತ್ತವೆ. ಆರ್10ನಂತಹ ಸಾಮಾನ್ಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಅಲ್ಲಿ ಈ ದೋಷ ಅತಿ ಹೆಚ್ಚು. ಆರ್10 ತೆಗೆದುಕೊಂಡಾಗ ಆಟದಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಿ, ಮೆನುವಿನಲ್ಲಿರುವ ಆ್ಯಂಟಿ-ಫ್ಲಿಕರ್ (ಮಿನುಗು ತಡೆಯುವ) ಆಯ್ಕೆಯನ್ನು ಚಾಲೂ ಮಾಡಿ. ವೇಷದ ಆಭರಣಗಳಾದ ವೀರಗಸೆ, ಎದೆಪದಕ, ಭುಜಕೀರ್ತಿಗಳ ಹೊಳಪು ಕ್ಯಾಮೆರಾದ ಬೆಳಕು ಅಳೆಯುವ ಮೀಟರನ್ನು ದಾರಿ ತಪ್ಪಿಸಿ ಮುಖವನ್ನು ಕಪ್ಪಾಗಿಸುವುದುಂಟು. ಆದ್ದರಿಂದ ರಾ (ಸಂಸ್ಕರಿಸದ ಮೂಲ) ಫೈಲಿನಲ್ಲಿ ತೆಗೆದು ಬಣ್ಣವನ್ನೂ ಬೆಳಕನ್ನೂ ಮನೆಯಲ್ಲಿ ಸರಿಪಡಿಸಿಕೊಳ್ಳಿ. ಫ್ಲಾಶ್ ಮಾತ್ರ ಎಂದಿಗೂ ಬೇಡ. ಅದು ಕಲಾವಿದರ ಕಣ್ಣು ಕೋರೈಸುತ್ತದೆ, ಪ್ರೇಕ್ಷಕರ ರಸಭಂಗ ಮಾಡುತ್ತದೆ, ರಂಗದ ಬೆಳಕಿನ ಸೊಗಸನ್ನೂ ಅಳಿಸಿಹಾಕುತ್ತದೆ. ಚೌಕಿಯಲ್ಲಿ ತೆಗೆಯುವುದಿದ್ದರೆ ಮೇಳದವರ ಅನುಮತಿ ಕೇಳಿ, ಬಣ್ಣ ಹಚ್ಚಿಕೊಳ್ಳುವವರಿಗೆ ಅಡ್ಡವಾಗದಂತೆ ಒಂದೆಡೆ ಕುಳಿತುಕೊಳ್ಳಿ.

ಪ್ರಶ್ನೆ: ಮದುವೆ ಫೋಟೋ ತೆಗೆಯುವ ವೃತ್ತಿ ಆರಂಭಿಸಬೇಕೆಂದಿದ್ದೇನೆ. ಬ್ಯಾಂಕಿನಿಂದ 3 ಲಕ್ಷ ಸಾಲ ಸಿಗುತ್ತದೆ. ಅತ್ಯುತ್ತಮ ಕ್ಯಾಮೆರಾ ಯಾವುದು? — ಯುವಕ, ರಾಯಚೂರು

ಉತ್ತರ: ಮೂರು ಲಕ್ಷವನ್ನೂ ಒಂದೇ ಕ್ಯಾಮೆರಾಕ್ಕೆ ಹಾಕುವುದು ಈ ವೃತ್ತಿಯಲ್ಲಿ ಅಪಾಯಕರ. ಮಾಂಗಲ್ಯಧಾರಣೆ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಬಾಡಿ ಕೈಕೊಟ್ಟರೆ ಅಥವಾ ಕಾರ್ಡ್ ಕೆಟ್ಟರೆ ಆ ಕುಟುಂಬಕ್ಕಾದ ನಷ್ಟವನ್ನು ಯಾರೂ ತುಂಬಿಕೊಡಲಾರರು. ಆದ್ದರಿಂದ ನಿಮ್ಮ ಮೊದಲ ಷರತ್ತು ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿ, ಎರಡನೆಯ ಷರತ್ತು ಇನ್ನೊಂದು ಬಾಡಿ. ನಿಕಾನ್ ಝಡ್5, ಸೋನಿ ಎ7 III, ಕ್ಯಾನನ್ ಆರ್6 ಮಾರ್ಕ್ II ಮೂರರಲ್ಲಿಯೂ ಎರಡೆರಡು ಎಸ್‌ಡಿ ಕಾರ್ಡ್ ಹಾಕಿ ಪ್ರತಿ ಚಿತ್ರವನ್ನೂ ಎರಡರಲ್ಲಿಯೂ ಒಟ್ಟಿಗೆ ಉಳಿಸಬಹುದು. ಕ್ಯಾನನ್ ಆರ್8 ಚಿತ್ರದ ಗುಣದಲ್ಲಿ ಯಾರಿಗೂ ಕಡಿಮೆಯಲ್ಲ, ಆದರೆ ಸ್ಲಾಟ್ ಒಂದೇ ಇರುವುದರಿಂದ ಮದುವೆಗೆ ನಾನು ಅದನ್ನು ಮುಖ್ಯ ಬಾಡಿಯಾಗಿ ಸೂಚಿಸುವುದಿಲ್ಲ. ಝಡ್5 ಅಥವಾ ಎ7 III ಅನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಬೇರೆ ಕಂಪನಿಯ ಎಫ್/2.8 ಜೂಮ್, ಒಂದು 85 ಮಿ.ಮೀ. ಎಫ್/1.8, ಎರಡು ಫ್ಲಾಶುಗಳು, ಅದೇ ಮೌಂಟಿನ (ಅವೇ ಲೆನ್ಸುಗಳು ಕೂರುವ) ಅಗ್ಗದ ಎರಡನೆಯ ಬಾಡಿ, ಬ್ಯಾಟರಿಗಳು ಮತ್ತು ಬ್ಯಾಕಪ್ಪಿಗೆ ಎರಡು ಹಾರ್ಡ್ ಡಿಸ್ಕ್, ಇವಿಷ್ಟನ್ನು ಒಂದು ಪಟ್ಟಿ ಮಾಡಿ ಹಣ ಹಂಚಿ.

ಸಾಲದ ಕಂತು ಲೆಕ್ಕ ಹಾಕುವಾಗ ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆಗಳು ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ಆ ತಿಂಗಳುಗಳ ಕಂತಿಗೆ ಮುಂಚೆಯೇ ಹಣ ತೆಗೆದಿಡಬೇಕಾಗುತ್ತದೆ. ಡಿಜಿಟಲ್ ಕ್ಯಾಮೆರಾಗಳಿಗೆ 18% ಜಿಎಸ್‌ಟಿ ಇರುವುದರಿಂದ, ನೋಂದಾಯಿತ ವ್ಯವಹಾರವಾಗಿದ್ದರೆ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿದ ಬಿಲ್ ಪಡೆಯಿರಿ. ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಒಂದು ಹಂಗಾಮಿನಷ್ಟಾದರೂ ನಿಮ್ಮ ಊರಿನ ಅನುಭವಿ ಛಾಯಾಗ್ರಾಹಕರ ಜೊತೆ ಸಹಾಯಕರಾಗಿ ಕೆಲಸ ಮಾಡಿ. ಕಲ್ಯಾಣ ಮಂಟಪದ ಬೆಳಕು, ಪುರೋಹಿತರ ಗತಿ, ಬಂಧುಗಳ ನೂಕುನುಗ್ಗಲು ಇವುಗಳ ನಡುವೆ ಯಾವ ಲೆನ್ಸ್ ಬೇಕಾಗುತ್ತದೆ ಎಂಬುದು ಅಲ್ಲಿಯೇ ತಿಳಿಯಬೇಕು.

ಪ್ರಶ್ನೆ: ನಮ್ಮದು ಮಲೆನಾಡು. ಬೀರುವಿನಲ್ಲಿ ಚರ್ಮದ ಚೀಲದೊಳಗೆ ಇಟ್ಟಿದ್ದ ಲೆನ್ಸಿಗೆ ಬೂಷ್ಟು ಹಿಡಿದಿದೆ. ಮುಂದಿನದನ್ನು ಹೇಗೆ ಕಾಪಾಡಲಿ? — ಓದುಗರು, ಶೃಂಗೇರಿ

ಉತ್ತರ: ಚರ್ಮದ ಚೀಲ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಚ್ಚಿದ ಬೀರುವಿನಲ್ಲಿ ಗಾಳಿಯಾಡುವುದಿಲ್ಲ, ಕತ್ತಲೆಯೂ ಇರುತ್ತದೆ, ಬೂಷ್ಟಿಗೆ ಬೇಕಾದುದೆಲ್ಲ ಅಲ್ಲಿದೆ. ಗಾಳಿಯ ತೇವಾಂಶ 40ರಿಂದ 50% ಇರುವ ಕಡೆ ಲೆನ್ಸುಗಳು ಸುರಕ್ಷಿತ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ತೇವಾಂಶ ಮಾಪಕ ಸಾಕು. ನೀಲಿ ಹರಳು ಗುಲಾಬಿಯಾದಾಗ ಅದನ್ನು ಸಣ್ಣ ಉರಿಯಲ್ಲಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮಾಪಕ 30%ಕ್ಕಿಂತ ಕೆಳಗೆ ತೋರಿಸಿದರೆ ಹರಳನ್ನು ಕಡಿಮೆ ಮಾಡಿ, ಅತಿಯಾದ ಒಣಹವೆ ರಬ್ಬರಿಗೂ ಲೆನ್ಸಿನೊಳಗಿನ ಜಿಡ್ಡಿಗೂ ಒಳ್ಳೆಯದಲ್ಲ. ಮಳೆಯಲ್ಲಿ ತಿರುಗಿ ಬಂದ ಕ್ಯಾಮೆರಾವನ್ನು ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿದ ಮೇಲೆಯೇ ಡಬ್ಬಿಯಲ್ಲಿಡಬೇಕು. ಬೂಷ್ಟು ಹಿಡಿದ ಲೆನ್ಸನ್ನು ಸರ್ವಿಸ್ ಮಾಡಿಸುವವರೆಗೂ ಉಳಿದವುಗಳಿಂದ ದೂರವಿಡಿ.

ಪ್ರಶ್ನೆ: ನಿಕಾನ್ ಡಿ7000 ಬಾಡಿಯೂ ನಾಲ್ಕು ಹಳೆಯ ಲೆನ್ಸುಗಳೂ ನನ್ನಲ್ಲಿವೆ. ಈಗ ಮಿರರ್‌ಲೆಸ್ಸಿಗೆ ಹೋಗಲೇಬೇಕೇ? — ಓದುಗರು, ಬಾಗಲಕೋಟೆ

ಉತ್ತರ: ಮೊದಲು ನಾಲ್ಕು ಲೆನ್ಸುಗಳ ಮೇಲಿನ ಬರಹವನ್ನು ಓದಿ. ಎಎಫ್-ಎಸ್ ಲೆನ್ಸುಗಳು ನಿಕಾನಿನ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಅದರ ಮಿರರ್‌ಲೆಸ್ ಸಾಲಾದ ಝಡ್ ಬಾಡಿಗಳ ಮೇಲೆ ಫೋಕಸ್ ಸಹಿತ ಕೆಲಸ ಮಾಡುತ್ತವೆ. ಎಎಫ್-ಡಿ ಲೆನ್ಸುಗಳನ್ನು ನಿಮ್ಮ ಡಿ7000 ತನ್ನ ಮೋಟರಿನಿಂದ ತಿರುಗಿಸುತ್ತಿದೆ. ಈ ಅಡಾಪ್ಟರಿನಲ್ಲಿ ಮೋಟರ್ ಇಲ್ಲದ ಕಾರಣ ಅವುಗಳ ಫೋಕಸನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ. ನಾಲ್ಕರಲ್ಲಿ ಹೆಚ್ಚಿನವು ಎಎಫ್-ಡಿ ಆಗಿದ್ದರೆ ಸೆಕೆಂಡ್ ಹ್ಯಾಂಡ್ ಡಿ7500 ಅಥವಾ ಡಿ500 ಕೊಳ್ಳಿ, ಎರಡರಲ್ಲಿಯೂ ಮೋಟರ್ ಇದೆ. ಹೆಚ್ಚಿನವು ಎಎಫ್-ಎಸ್ ಆಗಿದ್ದು ವಿಡಿಯೊದ ಆಸಕ್ತಿಯೂ ಇದ್ದರೆ ಝಡ್50 II ನೋಡಬಹುದು. ಈಗಿನ ಬಾಡಿ ನಿಮ್ಮ ಯಾವ ಚಿತ್ರಕ್ಕೂ ಅಡ್ಡಿಯಾಗಿಲ್ಲವಾದರೆ ಅದನ್ನೇ ಮುಂದುವರಿಸಿ.